ಮುನ್ನೂರು ರುಬ್ಬಿಯ

“ರುಬ್ಬಿಯ,” ಎಂದು ಆ ಮನುಷ್ಯ ಕೈ ಚಾಚಿದ.

ನಾನು ಬಹರೈನ್ ದ್ವೀಪಕ್ಕೆ ಬಂದ ಮರುದಿನ ಬೆಳಿಗ್ಗೆ ನಡೆದದ್ದು ಇದು. ಬಿಡಾರದ ಎದುರು ಒಂದು ಕತ್ತೆ ನಿಂತಿತ್ತು. ಅದರ ಬೆನ್ನಿನ ಎರಡೂ ಬದಿಗೆ ಸೀಮೆಎಣ್ಣೆಯ ಹಳೆಯ ಡಬ್ಬಿಗಳು, ಡಬ್ಬಿಗಳ ತುಂಬ ನೀರು. ಹಡಗಿನ ಪ್ರಯಾಣದಲ್ಲಿ ನನ್ನ ಮೈಯೆಲ್ಲ ಉಪ್ಪುಗಟ್ಟಿತ್ತು. ಕಂಪನಿಯವರು ಸ್ನಾನಕ್ಕೆ ನೀರು ಕಳಿಸಿದ್ದಾರೆ, ಮರ್ಯಾದಸ್ಥ ಜನ ಎಂದುಕೊಂಡು ಎರಡು ಡಬ್ಬಿ ಇಳಿಸಿ, ಊರಿನ ಬಾವಿಕಟ್ಟೆಯಲ್ಲಿ ಮೀಯುವ ಹಾಗೆ ತಲೆಗೆ ದಡದಡನೆ ಹೊಯ್ದುಕೊಂಡೆ. ಕಣ್ಣೊರೆಸಿ ನೋಡಿದರೆ ಬಿಡಾರದವರೆಲ್ಲ ಬಾಗಿಲಲ್ಲಿ ಸಾಲಾಗಿ ನಿಂತು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡುತ್ತಿದ್ದರು. ಕತ್ತೆಯವನು ಮತ್ತೊಮ್ಮೆ “ರುಬ್ಬಿಯ” ಎಂದ.

“ಎಂತ ರುಬ್ಬುದು ಮಾರಾಯ?” ಎಂದು ನಾನು ಕನ್ನಡದಲ್ಲೇ ಕೇಳಿದೆ. “ಬಂದದ್ದು ನಿನ್ನೆ. ರುಬ್ಬುವ ಕಲ್ಲು ಎಲ್ಲಿ ಉಂಟೂಂತ ಕೂಡ ಗೊತ್ತಿಲ್ಲ.”

ಬಾಗಿಲಲ್ಲಿ ನಿಂತಿದ್ದವರಲ್ಲಿ ಒಬ್ಬರು ನಮ್ಮ ಕಡೆಯವರೇ, ಕಡಬದ ಮೋನು ಬ್ಯಾರಿ. ಕಂಪನಿಯ ಅಡುಗೆಮನೆಯಲ್ಲಿ ಕೆಲಸ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು ಮುಂದೆ ಬಂದರು. “ರುಬ್ಬುದಲ್ಲ ಗೌಡ್ರೇ, ರೂಪಾಯಿ. ಇವರ ಬಾಯಲ್ಲಿ ಅದು ರುಬ್ಬಿಯ. ನೀವು ಈಗ ಮಿಂದದ್ದು ನಮ್ಮ ಕುಡಿಯುವ ನೀರು. ಅದಕ್ಕೆ ದುಡ್ಡು ಕೊಡ್ಬೇಕು.”

ನೀರಿಗೆ ದುಡ್ಡು! ನನಗೆ ನಾಚಿಕೆಗಿಂತ ಮೊದಲು ಬಂದದ್ದು ಸಿಟ್ಟು. ಆ ಸಿಟ್ಟು ಇಷ್ಟು ವರ್ಷವಾದರೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡೋಣ ಎಂದು ಕುಳಿತಿದ್ದೇನೆ.

ನಾನು ಪುತ್ತೂರಿನ ಬಸ್ ನಿಲ್ದಾಣದಲ್ಲಿ ಸುಳ್ಯ, ಸಂಪಾಜೆ ಕಡೆಯ ಬಸ್ಸುಗಳಿಗೆ ಟಿಕೆಟ್ ಹರಿಯುತ್ತಿದ್ದವನು. ಸಂಬಳ ಅರವತ್ತು ರೂಪಾಯಿ, ತಮ್ಮನ ಓದೂ ಅದರಲ್ಲೇ ನಡೆಯಬೇಕು. ಒಂದು ದಿನ ಮುಂಬಯಿಯ ಏಜೆಂಟನೊಬ್ಬ ಪೇಟೆಯ ಲಾಡ್ಜಿನಲ್ಲಿ ಠಿಕಾಣಿ ಹೂಡಿ, ಇಂಗ್ಲಿಷು ಬಲ್ಲ ಹುಡುಗರನ್ನು ಕರೆಸಿ ಮಾತಾಡಿಸುತ್ತಿದ್ದಾನೆಂದು ಸುದ್ದಿ ಬಂತು. ಹೋದೆ. ಬಹರೈನಿನಲ್ಲಿ ರಸ್ತೆ, ಕಟ್ಟಡ ಕಟ್ಟುವ ಕಂಟ್ರಾಕ್ಟರನ ಉಗ್ರಾಣಕ್ಕೆ ಗುಮಾಸ್ತ ಬೇಕಂತೆ. “ಮುನ್ನೂರು ರೂಪಾಯಿ, ವಸತಿ ಉಚಿತ,” ಎಂದ. ಯಾವ ದುಡ್ಡಿನಲ್ಲಿ ಕೊಡುತ್ತೀರಿ ಎಂದು ಕೇಳಿದೆ. ನಾನೇನು ಅಷ್ಟು ದಡ್ಡನಲ್ಲ. ಅವನು ಕಿಸೆಯಿಂದ ನಮ್ಮದೇ ನೋಟು ತೆಗೆದು ಮೇಜಿನ ಮೇಲೆ ಇಟ್ಟ. “ಇದೇ ರೂಪಾಯಿ. ಅಲ್ಲಿಯೂ ಇದೇ ನಡೆಯುವುದು,” ಎಂದ.

ಅವನು ಹೇಳಿದ್ದು ಸುಳ್ಳಲ್ಲ. ಆಗ ಬಹರೈನಿನಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ. ನಾನು ಕೆಟ್ಟದ್ದೇ ಅಲ್ಲಿ. ಪೌಂಡೋ ಡಾಲರೋ ಕೊಡುತ್ತೇನೆ ಎಂದಿದ್ದರೆ, ಅದರಲ್ಲಿ ಎಷ್ಟು ಅಕ್ಕಿ ಬರುತ್ತದೆ, ಎಷ್ಟು ತೆಂಗಿನಕಾಯಿ ಬರುತ್ತದೆ ಎಂದು ಕೇಳುವ ಬುದ್ಧಿ ಯಾರಿಗಾದರೂ ಬರುತ್ತಿತ್ತು. ಪರಿಚಯದ ನೋಟು ಕಂಡ ಕೂಡಲೇ ನಾನು ಅದನ್ನು ಪುತ್ತೂರಿನ ಅಂಗಡಿಗಳಲ್ಲಿ ಖರ್ಚು ಮಾಡಲು ಶುರುಮಾಡಿದೆ, ಮನಸ್ಸಿನಲ್ಲೇ. ಮುನ್ನೂರು! ಆಗ ಪುತ್ತೂರು ತಾಲೂಕಿಗೇ ಸೇರಿದ್ದ ಸುಳ್ಯದಲ್ಲಿ ಅಷ್ಟು ಸಂಬಳ ಪಡೆಯುವವರು ಬೆರಳೆಣಿಕೆಯ ಜನ. ಮನೆಗೆ ಹೋಗಿ ಹೆಂಡತಿ ದೇವಕಿಗೆ, “ವರ್ಷದೊಳಗೆ ನಿನ್ನನ್ನೂ ಕಮಲಳನ್ನೂ ಕರೆಸಿಕೊಳ್ಳುತ್ತೇನೆ,” ಎಂದು ಮಾತು ಕೊಟ್ಟೆ. ಕಮಲ ನಮ್ಮ ಮಗಳು, ಆಗ ಇನ್ನೂ ತೊದಲುತ್ತಿದ್ದಳು.

ಉಚಿತ ವಸತಿ ಎಂದರೆ ಬರಸ್ತಿ. ಖರ್ಜೂರದ ಗರಿಗಳನ್ನು ಹೆಣೆದು ನಿಲ್ಲಿಸಿದ ಗುಡಿಸಲಿಗೆ ಇಲ್ಲಿ ಹಾಗೆನ್ನುತ್ತಾರೆ. ನಮ್ಮಲ್ಲಿ ತೆಂಗಿನ ಮಡಲು ಹೆಣೆದು ಚಪ್ಪರ ಹಾಕುವುದು ಮದುವೆಗೆ, ಎರಡು ದಿನದ ಮಟ್ಟಿಗೆ. ಇಲ್ಲಿ ಆ ಚಪ್ಪರದೊಳಗೇ ಸಂಸಾರ ಬಿಟ್ಟುಬಂದ ಏಳು ಗಂಡಸರ ಬಾಳು. ಬೀದಿಯ ನಲ್ಲಿಯಲ್ಲಿ ಬರುವ ನೀರು ಉಪ್ಪು. ಅದು ಮೀಯಲು, ಬಟ್ಟೆ ಒಗೆಯಲು. ಕುಡಿಯುವ ನೀರು ‘ಮಾಯ್ ಹಿಲು’, ಅಂದರೆ ಸಿಹಿನೀರು. ಅದು ದೂರದ ಬಾವಿಯಿಂದ ಕತ್ತೆಯ ಮೇಲೆ ಬರುತ್ತದೆ. ಅಕ್ಕಿ ಹಡಗಿನಲ್ಲಿ ಬರಬೇಕು, ಬೇಳೆ ಹಡಗಿನಲ್ಲಿ ಬರಬೇಕು. ತೆಂಗಿನಕಾಯಿಯಂತೂ ದೊಡ್ಡ ಸಾಹುಕಾರನ ಗತ್ತಿನಲ್ಲಿ ಮಲಬಾರಿನಿಂದ ಬಂದು ಸೂಕಿನಲ್ಲಿ, ಅಂದರೆ ಪೇಟೆಯಲ್ಲಿ, ಒಂದೊಂದಾಗಿ ಕುಳಿತಿರುತ್ತದೆ. ಮೊದಲ ಸಲ ಬೆಲೆ ಕೇಳಿದಾಗ ನಾನು ಅಂಗಡಿಯವನ ಹತ್ತಿರ ಜಗಳಕ್ಕೇ ನಿಂತೆ. “ಇದು ಕಾಯಿಯ ಕ್ರಯವೋ ಮರದ್ದೋ?” ಎಂದು ಕೂಗಿದೆ. ಮೋನು ಬ್ಯಾರಿ ತೋಳು ಹಿಡಿದು ಎಳೆದುಕೊಂಡು ಬಂದರು.

“ಗೌಡ್ರೇ, ದ್ವೀಪ ಅಂದ್ರೆ ಹೀಗೆ,” ಎಂದರು. “ಇಲ್ಲಿ ಹುಟ್ಟುದು ಖರ್ಜೂರ, ಮೀನು ಮತ್ತು ಬಿಸಿಲು. ಬಾಕಿ ಎಲ್ಲ ಹಡಗಿನಲ್ಲಿ ಬರುದು. ಹಡಗಿನ ಬಾಡಿಗೆ ಯಾರು ಕೊಡುದು? ನಾವೇ.”

“ಹಾಗಾದ್ರೆ ಆ ಏಜೆಂಟ ಇದನ್ನು ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ಬರ್ತಿದ್ರಾ?”



ವರ್ಷ ತುಂಬಿತು. ಸಂಸಾರಕ್ಕೆ ಒಂದು ಕೋಣೆ ಕೊಡಿ ಎಂದು ಕೇಳಲು ನಾನು ಮ್ಯಾನೇಜರನ ಹತ್ತಿರ ಹೋದೆ. ಅವನು ಇಂಗ್ಲೆಂಡಿನವನು. ಅವನ ಮನೆಗೆ ತಂಪು ಗಾಳಿಯ ಯಂತ್ರ, ಐಸಿನ ಪೆಟ್ಟಿಗೆ, ಮನೆಬಾಗಿಲಿಗೆ ಟ್ಯಾಂಕರಿನಲ್ಲಿ ಸಿಹಿನೀರು, ಎಲ್ಲವೂ ಕಂಪನಿಯದ್ದು. ಹೂವಿನ ಗಿಡಗಳಿಗೂ ಅದೇ ನೀರು. ಅವನು ನನ್ನ ಕಾಗದ ನೋಡಿ, “ನೀನು ಬ್ಯಾಚುಲರ್. ನಿನಗೆ ಕೋಣೆ ಇಲ್ಲ,” ಎಂದ.

“ನನಗೆ ಮದುವೆಯಾಗಿದೆ ಸಾರ್. ಮಗಳಿದ್ದಾಳೆ.”

“ಇರಬಹುದು. ಆದರೆ ಈ ಸಂಬಳದವರೆಲ್ಲ ಇಲ್ಲಿ ಬ್ಯಾಚುಲರ್.”

ನನ್ನ ಮದುವೆಯ ಊಟಕ್ಕೆ ಸುಳ್ಯದ ಅರ್ಧ ಪೇಟೆ ಬಂದಿತ್ತು. ಊರ ಗೌಡರು ಮುಂದೆ ನಿಂತು ಮಾಡಿಸಿದ ಮದುವೆ. ಅದನ್ನು ಈ ಮನುಷ್ಯ ಕುರ್ಚಿಯಿಂದ ಏಳದೆಯೇ ಅಳಿಸಿಹಾಕಿದ. ಹೆಂಡತಿ ಇರುವುದೂ ಇಲ್ಲದಿರುವುದೂ ಸಂಬಳದ ಮೇಲೆ ನಿಂತಿದೆ ಎಂದು ನಮ್ಮ ಕಡೆ ಯಾರಾದರೂ ಹೇಳಿದ್ದರೆ ಅವನ ಗ್ರಹಚಾರ ಬಿಡಿಸುತ್ತಿದ್ದರು. ನಾನು “ಯಸ್ ಸಾರ್” ಎಂದು ಹೊರಗೆ ಬಂದೆ. ಬಿಸಿಲಿಗೆ ನಿಂತು ಸಂಪಾಜೆ ಘಾಟಿಯ ಬಸ್ ಡ್ರೈವರುಗಳಿಂದ ಕಲಿತ ಎಲ್ಲ ಬೈಗುಳವನ್ನೂ ತುಳುವಿನಲ್ಲಿ ಬೈದೆ.

ಹಟಕ್ಕೆ ಬಿದ್ದು ಸ್ವಂತ ಬಾಡಿಗೆಯ ಕೋಣೆ ಹಿಡಿದೆ. ಸಂಬಳದ ಮೂರರಲ್ಲಿ ಒಂದು ಪಾಲು ಅದಕ್ಕೇ ಹೋಯಿತು. ಅಂತೂ ಮಂಗಳೂರಿನ ಒಂದು ಕುಟುಂಬದ ಜೊತೆ ದೇವಕಿ, ಕಮಲ ಇಬ್ಬರೂ ಹಡಗಿಳಿದರು. ದೇವಕಿಯ ಟ್ರಂಕಿನಲ್ಲಿ ಬಟ್ಟೆಗಿಂತ ಹೆಚ್ಚು ಇದ್ದದ್ದು ಹಪ್ಪಳ, ಉಪ್ಪಿನಕಾಯಿ ಮತ್ತು ಓಲೆಬೆಲ್ಲ. ನಮ್ಮಲ್ಲಿ ಮನೆಗೆ ಯಾರೇ ಬರಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಆಮೇಲೆ ಮಾತು. ಓದುವವರಿಗೆ ಇದನ್ನು ಹೇಳಬೇಕಾಗಿಲ್ಲ. ಆದರೆ ಬಹರೈನಿನಲ್ಲಿ ಹೇಳಬೇಕಾಗುತ್ತದೆ.

ಅವಳು ಬಂದ ಮರುದಿನವೇ ಕತ್ತೆಯವನು ನೀರು ತಂದ. ನಾನು ದುಡ್ಡು ಎಣಿಸಿ ಕೊಟ್ಟೆ. ಅವನು ಡಬ್ಬಿಯನ್ನು ಹಂಡೆಗೆ ಸುರಿದು ತಿರುಗುವಷ್ಟರಲ್ಲಿ ದೇವಕಿ ಅಂಗೈಯಗಲದ ಬೆಲ್ಲವನ್ನೂ, ಆ ಹಂಡೆಯಿಂದಲೇ ಮೊಗೆದ ಒಂದು ಚೆಂಬು ನೀರನ್ನೂ ಅವನ ಮುಂದಿಟ್ಟಳು.

“ಏ, ಅದು ಅವನ ಹತ್ರವೇ ಕ್ರಯಕ್ಕೆ ತಕ್ಕೊಂಡ ನೀರು!” ಎಂದೆ. ಮನೆಯೊಳಗೆ ನಮ್ಮದು ಅರೆಭಾಷೆ, ಸುಳ್ಯದ ಕಡೆಯ ಗೌಡರ ಮಾತು. ಎಲ್ಲರಿಗೂ ತಿಳಿಯಲಿ ಎಂದು ಹೀಗೆ ಬರೆಯುತ್ತಿದ್ದೇನೆ.

“ಆದ್ರೆ ಎಂತಾಯ್ತು? ಬಿಸಿಲಲ್ಲಿ ಬಾಗಿಲಿಗೆ ಬಂದವನಲ್ಲವಾ?”

ಕತ್ತೆಯವನು ನನ್ನನ್ನೂ ಅವಳನ್ನೂ ನೋಡಿದ. ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದು, ಎದೆಯ ಮೇಲೆ ಕೈಯಿಟ್ಟು ಏನೋ ಹೇಳಿ ಹೋದ. ಮರುದಿನ ನೀರಿನ ಬೆಲೆ ಒಂದು ಕಾಸೂ ಇಳಿದಿರಲಿಲ್ಲ. ಆದರೂ ಅವಳು ಕೊಡುವುದನ್ನು ನಿಲ್ಲಿಸಲಿಲ್ಲ, ಅವನು ಕುಡಿಯುವುದನ್ನೂ ನಿಲ್ಲಿಸಲಿಲ್ಲ. ಅವರಿಬ್ಬರ ನಡುವೆ ನಾನೊಬ್ಬನೇ ಹೊಟ್ಟೆ ಉರಿಸಿಕೊಂಡು ನಿಂತಿರುತ್ತಿದ್ದೆ.

ಎಂಟು ತಿಂಗಳು ಹಾಗೆ ಸಾಗಿತು. ಅಕ್ಕಿಯಲ್ಲಿ ಉಳಿಸಿದೆವು, ಸೀಮೆಎಣ್ಣೆಯಲ್ಲಿ ಉಳಿಸಿದೆವು, ಕಾಯಿಯಿಲ್ಲದ ಸಾರು ತಿಂದೆವು. ಊರಿನಿಂದ ಬಂದವರು, “ಮುನ್ನೂರು ರೂಪಾಯಿ ಎಲ್ಲಿ ಹೂತಿಡ್ತೀರಿ ಮಾರಾಯ್ರೆ?” ಎಂದು ಕೇಳಿ ಹೋಗುತ್ತಿದ್ದರು. ನನಗೆ ರಕ್ತ ಕುದಿಯುತ್ತಿತ್ತು. ಆದರೂ ಸರಿಹೋಗುತ್ತಿದೆ ಎಂದೇ ಹೇಳುತ್ತಿದ್ದೆ. ಹೆಂಡತಿ ಮಗಳು ಕಣ್ಣೆದುರು ಇದ್ದರಲ್ಲ, ಅದಕ್ಕಿಂತ ಬೇರೇನು ಬೇಕು?

ಒಂದು ಶುಕ್ರವಾರ ಮೋನು ಬ್ಯಾರಿ ಬಂದರು. ಇಲ್ಲಿ ರಜೆ ಶುಕ್ರವಾರ. ದೇವಕಿ ಒಲೆಯ ಮುಂದಿದ್ದವಳು, “ಕಮಲಾ, ಮಾಮನಿಗೆ ಕುಡಿಯುಲಿಕ್ಕೆ ಕೊಡು,” ಎಂದು ಕೂಗಿದಳು. ಮಗು ತಟ್ಟೆಯಲ್ಲಿ ಒಂದು ತುಂಡು ಬೆಲ್ಲ ತಂದು ಬ್ಯಾರಿಗಳ ಮುಂದಿಟ್ಟು ಕೈಕಟ್ಟಿ ನಿಂತಿತು. ಅವರು ಸ್ವಲ್ಪ ಕಾದರು.

“ನೀರು ಎಲ್ಲಿ ಪುಟ್ಟಿ?”

“ನೀರಿಗೆ ದುಡ್ಡುಂಟು ಮಾಮ. ಬೆಲ್ಲ ಊರಿಂದ ತಂದದ್ದು,” ಎಂದಿತು ಮಗು, ತುಂಬ ಜಾಣತನದ ಮಾತು ಆಡಿದ ಹಾಗೆ.

ಬ್ಯಾರಿಗಳು ಜೋರಾಗಿ ನಕ್ಕರು. ನಾವು ಯಾರೂ ನಗಲಿಲ್ಲ. ದೇವಕಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು, ತುಳುಕುವಷ್ಟು ತುಂಬಿದ ಚೆಂಬನ್ನು ಅವರ ಮುಂದಿಟ್ಟಳು. ಮುಖ ಕೆಂಪಾಗಿತ್ತು. 

ಅವರು ಹೋದ ಮೇಲೆ ಹೇಳಿದಳು. “ನಾವು ಊರಿಗೆ ಹೋಗುದು. ಈ ಸಂಬಳ ಸಾಲುದಿಲ್ಲ.”

“ತಿಂಗಳ ಕೊನೆಗೆ ಹೇಗಾದ್ರೂ ಸರಿಹೋಗ್ತದಲ್ಲ?”

“ನಮ್ಮ ಊಟಕ್ಕೆ ಸರಿಹೋಗ್ತದೆ. ಬಂದವರಿಗೆ ಒಂದು ಚೆಂಬು ನೀರು ಕೊಡುಲಿಕ್ಕೆ ಸಾಲುದಿಲ್ಲ. ನೀವು ನಿತ್ಯ ಗೊಣಗುದನ್ನು ಕೇಳಿ ಅದು ಕಲಿತಿದೆ. ನಿಮ್ಮನ್ನು ಬೈಯುದಲ್ಲ. ನೀರಿಗೆ ಲೆಕ್ಕ ಹಾಕುವ ಮನೆಯಲ್ಲಿ ಅವಳು ಬೆಳೆಯುದು ಬೇಡ.”

“ನಾನೂ ಬಂದುಬಿಡ್ತೇನೆ,” ಎಂದೆ.

“ಬಂದು? ನಿಮ್ಮ ಕಿಟಕಿಯಲ್ಲಿ ಈಗ ಬೇರೆಯವ ಕೂತು ಟಿಕೆಟ್ ಹರೀತಾ ಇದ್ದಾನೆ. ನಿಮ್ಮ ತಮ್ಮನ ಓದು ಮುಗಿಯಲಿ. ಆಮೇಲೆ ಬನ್ನಿ.”

ನಾನು ಕೂಗಾಡಿದೆ. ಏಜೆಂಟನನ್ನು, ಮ್ಯಾನೇಜರನನ್ನು, ಹಡಗಿನವರನ್ನು, ತೆಂಗಿನಕಾಯಿ ಅಂಗಡಿಯವನನ್ನು ಒಬ್ಬರನ್ನೂ ಬಿಡದೆ ಬೈದೆ. ದೇವಕಿ ಟ್ರಂಕು ತುಂಬುತ್ತಿದ್ದಳು. ಆ ಸಂಬಳದಲ್ಲಿ ಒಬ್ಬ ಮನುಷ್ಯ ಹೆಂಡತಿ ಮಕ್ಕಳ ಜೊತೆ ಇರಬಹುದು, ಇಲ್ಲವೇ ಊರಿಗೆ ಹಣ ಕಳಿಸಬಹುದು. ಎರಡೂ ಮಾಡಲು ಅದು ಸಾಲುವುದಿಲ್ಲ, ಸಾಲಬಾರದೆಂದೇ ಅಷ್ಟು ಕೊಡುವುದು. ಊರಿನಲ್ಲಿ ಹೊರಟು ನಿಂತ ಹುಡುಗರೇ, ಅಲ್ಲಿ ಸಂಬಳ ಎಷ್ಟು ಎಂದು ನೀವು ಕೇಳುತ್ತಿದ್ದ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಎಷ್ಟು ರೂಪಾಯಿ ಎಂದು ಕೇಳಬೇಡಿ. ಅಲ್ಲಿ ಒಂದು ಚೆಂಬು ನೀರಿಗೆ ಎಷ್ಟು ಎಂದು ಕೇಳಿ.

ಅವರನ್ನು ಹಡಗು ಹತ್ತಿಸಿ ನಾನು ಮತ್ತೆ ಬರಸ್ತಿಗೆ ಬಂದೆ, ಕಂಪನಿಯ ಕಾಗದದ ಪ್ರಕಾರ ಬ್ಯಾಚುಲರ್ ಆಗಿ. ಕತ್ತೆಯವನು ಒಂದು ವಾರ ದೇವಕಿಯನ್ನು ವಿಚಾರಿಸಿದ. ಈ ನಡುವೆ ದ್ವೀಪಕ್ಕೆ ಬೇರೆಯೇ ಬಣ್ಣದ ರೂಪಾಯಿ ನೋಟು ಬಂತು. ಅದು ಕೊಲ್ಲಿಯ ನಾಡುಗಳಿಗೆ ಮಾತ್ರ, ನಮ್ಮ ದೇಶದಲ್ಲಿ ನಡೆಯುವುದಿಲ್ಲ. ಇಷ್ಟು ಕಾಲ ನನಗೆ ಗೊತ್ತಿದ್ದ ಸಂಗತಿಯನ್ನು ಸರಕಾರವೂ ಈಗ ಒಪ್ಪಿಕೊಂಡಿತು ಎಂದು ಮೋನು ಬ್ಯಾರಿಗಳಿಗೆ ಹೇಳಿದೆ.

ಕಳೆದ ವರ್ಷ ರಜೆಯಲ್ಲಿ ಊರಿಗೆ ಹೋಗಿದ್ದೆ. ಪುತ್ತೂರಿನಲ್ಲಿ ಬಸ್ಸು ಹತ್ತಿದಾಗ ಪಕ್ಕದಲ್ಲಿ ಕುಳಿತ ಹಿರಿಯರು, “ಈಗ ಎಷ್ಟು ಬರ್ತದೆ ಸಂಬಳ?” ಎಂದು ಕೇಳಿದರು. “ನಾನೂರು ರುಬ್ಬಿಯ,” ಎಂದುಬಿಟ್ಟೆ. ಅವರು ಕಣ್ಣರಳಿಸಿ, “ಎಂತ ರುಬ್ಬುದು?” ಎಂದರು. ನನಗೆ ನಗು ಬರಲಿಲ್ಲ. ಸುಳ್ಯದವರೆಗೂ ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಹೊಳೆ, ತೋಡು, ಬಾವಿ, ಎಲ್ಲಿ ನೋಡಿದರೂ ಯಾರೂ ಬೆಲೆ ಕಟ್ಟದ ನೀರು. ನೋಡಿದಷ್ಟೂ ಯಾಕೋ ಸಿಟ್ಟೇ ಬರುತ್ತಿತ್ತು.

ಮನೆ ತಲುಪಿ ಜಗಲಿಯ ಮೇಲೆ ಕುಳಿತೆ. ಕಮಲ ಉದ್ದಕ್ಕೆ ಬೆಳೆದಿದ್ದಳು. ನನ್ನನ್ನು ಕಂಡು ಒಳಗೆ ಓಡಿದವಳು ಹೊರಗೆ ಬರುವಾಗ ಒಂದು ಕೈಯಲ್ಲಿ ಬಾಳೆಲೆಯ ತುಂಡಿನ ಮೇಲೆ ಬೆಲ್ಲ, ಇನ್ನೊಂದು ಕೈಯಲ್ಲಿ ಕಂಠಮಟ್ಟ ತುಂಬಿದ ಚೆಂಬು. ಎರಡನ್ನೂ ನನ್ನ ಮುಂದಿಟ್ಟು, ತಾಯಿ ಕಲಿಸಿದ ಹಾಗೆ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಬೆಲ್ಲ ನೀರು ಕೊಡುವುದು ಬಂದವರಿಗೆ. ಮನೆಯವರಿಗೆ ಯಾರೂ ಕೊಡುವುದಿಲ್ಲ. ಒಳಬಾಗಿಲಲ್ಲಿ ನಿಂತಿದ್ದ ದೇವಕಿಗೂ ಅದು ಹೊಳೆದಿರಬೇಕು, ಅವಳು ತಲೆ ತಗ್ಗಿಸಿದಳು.

ಅರ್ಧ ಕುಡಿದು ಚೆಂಬನ್ನು ಜೋಪಾನವಾಗಿ ಕೆಳಗಿಟ್ಟೆ. ಉಳಿದದ್ದನ್ನು ಸಂಜೆಗೆ ಇಡುವುದು ದ್ವೀಪದ ಅಭ್ಯಾಸ.

“ಪೂರ ಕುಡಿ ಅಪ್ಪ,” ಎಂದಳು ಕಮಲ. “ಇಲ್ಲಿ ನೀರಿಗೆ ದುಡ್ಡಿಲ್ಲ.”