ಎರಡು ಬಂಗುಡೆಗೆ ಒಂದೇ ಬಾಲ

ನನ್ನ ಸೋದರಮಾವ ಮಹಾಯುದ್ಧದಲ್ಲಿ ಮಾಡಿದ ಕೆಲಸವೆಂದರೆ ಆಕಾಶ ನೋಡುವುದು. ಬರ್ಮಾ ಗಡಿಯ ಗುಡ್ಡವೊಂದರ ಮೇಲೆ ಕುಳಿತು, ದೂರದಲ್ಲಿ ವಿಮಾನ ಕಂಡರೆ ಅದರ ಆಕಾರದಿಂದಲೇ ಯಾರದ್ದು, ಯಾವುದು ಎಂದು ಹೇಳಬೇಕಿತ್ತಂತೆ. ಮಾವನ ಊರು ತೋಡಾರಿನಲ್ಲಿ ಇದನ್ನು ಯಾರೂ ನಂಬಲಿಲ್ಲ. "ಬೇರೆಯವರು ರೈಲು ಬಿಡ್ತಾರೆ, ಇವರು ವಿಮಾನ ಬಿಡ್ತಾರೆ ಮಾರಾಯ" ಎಂದು ಬಸ್ಸಿಗೆ ಕಾಯುವವರು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನಾಗ ಅಲ್ಲಿಯ ಶಾಲೆಯಲ್ಲಿ ಟೀಚರು, ವಾಸ ಮಾವನ ಮನೆಯಲ್ಲೇ. ಮಾವನ ಪೆಟ್ಟಿಗೆಯಲ್ಲಿ ಯುದ್ಧಕಾಲದ ಕಾರ್ಡುಗಳ ಕಟ್ಟೊಂದಿತ್ತು. ಇಸ್ಪೀಟು ಎಲೆಯಷ್ಟು ದೊಡ್ಡವು; ಒಂದು ಬದಿಗೆ ವಿಮಾನದ ಕಪ್ಪು ನೆರಳು, ಹಿಂದೆ ಅದರ ಹೆಸರು. ಸಂಜೆ ಜಗಲಿಯಲ್ಲಿ ಅವುಗಳ ಪಾಠ. ನನ್ನ ದಡ್ಡ ತಲೆಗೆ ಎಲ್ಲವೂ ಬಜ್ಪೆ ನಿಲ್ದಾಣಕ್ಕೆ ಬರುವ ಡಕೋಟ ವಿಮಾನದ ಹಾಗೆಯೇ ಕಾಣುತ್ತಿದ್ದವು.

ಮೀನು ಮಾರುವ ಅಕ್ಕ ಖಾಲಿ ಬುಟ್ಟಿ ಇಳಿಸಿ, ಎಲೆಯಡಿಕೆ ಹಾಕಲು ಅದೇ ಜಗಲಿಯ ಮೆಟ್ಟಿಲಲ್ಲಿ ಕೂರುತ್ತಿದ್ದಳು. ಅಕ್ಷರ ಬಾರದವಳು, ಆದರೆ ಒಂದೇ ವಾರದಲ್ಲಿ ಇಡೀ ಕಟ್ಟನ್ನೇ ಕಲಿತುಬಿಟ್ಟಳು. ಮೀನು ಗುರುತಿಸುವವಳಿಗೆ ಬೆನ್ನಿನ ಗೆರೆ, ಬಾಲದ ಸೀಳು ಸಾಕು. ಮೂರು ಮೂಲೆಯ ವಿಮಾನ ಅವಳಿಗೆ ತೊರಕೆ ಮೀನು. ಎರಡು ಒಡಲಿನದ್ದು ಕಂಡರೆ, "ಧನೀ, ಇದು ಎರಡು ಬಂಗುಡೆಗೆ ಒಂದೇ ಬಾಲ" ಎನ್ನುತ್ತಿದ್ದಳು. ಮಾವ ಕೂಡಲೇ ಅದರ ಹೆಸರು, ಕುಲ, ಗೋತ್ರ ಎಲ್ಲ ಒಪ್ಪಿಸುತ್ತಿದ್ದರು.

ಅವಳೇ ಮೊದಲು ಹೇಳಲಿ ಎಂದು ಮಾವ ಯಾಕೆ ಕಾಯುತ್ತಾರೆ ಎನ್ನುವುದು ನನಗೆ ತಿಳಿದದ್ದು, ಒಂದು ದಿನ ಅವರು ಕಾರ್ಡಿನ ಹೆಸರಿನ ಬದಿಯನ್ನೇ ನಮಗೆ ತೋರಿಸಿ "ಇದು ಯಾವುದು, ಹೇಳಿ" ಎಂದಾಗ. ಅವರ ಕಣ್ಣಿಗೆ ಪೊರೆ ಬಂದಿತ್ತು. "ನಿನ್ನ ಅತ್ತೆಗೆ ಹೇಳಿದರೆ ನೋಡು" ಎಂದು ಆಣೆ ಹಾಕಿಸಿದರು. ಅತ್ತೆಗೆ ಗೊತ್ತಾದರೆ ಊರಿಗೇ ಗೊತ್ತಾಗುತ್ತದೆ, ಇರುವ ಒಂದು ಮರ್ಯಾದೆಯೂ ಹೋಗುತ್ತದೆ ಎಂದು ಅವರ ಹೆದರಿಕೆ.

ಅರವತ್ತರ ದಶಕದ ಯುದ್ಧದ ವರ್ಷ, ಊರ ಗುಡ್ಡದ ಮೇಲೆ ವಿಮಾನ ನೋಡಲು ಸರ್ಕಾರಕ್ಕೆ ಒಬ್ಬರು ಬೇಕು ಎಂಬ ಸುದ್ದಿ ಬಂತು. ನಾನು ಬಾಯಿ ತೆರೆಯುವ ಮೊದಲೇ ಮಾವ ಹೆಸರು ಕೊಟ್ಟು ಬಂದಿದ್ದರು. "ಇದೊಂದು ಸಲ ನಂಬಲಿ ಮಗಾ" ಎಂದರು.

ಪರೀಕ್ಷೆ ನಮ್ಮ ಶಾಲೆಯಲ್ಲಿ, ಭಾನುವಾರ. ಬಸ್ಸಿಗೆ ಕಾಯುವವರೆಲ್ಲ ಬಸ್ಸು ಬಿಟ್ಟು ನೋಡಲು ಬಂದಿದ್ದರು. ಪರೀಕ್ಷೆ ಮಾಡಲು ಬಂದ ಸಾಹೇಬರು ತಂದದ್ದೂ ಹಳೆಯ ಮಹಾಯುದ್ಧದ ಚಿತ್ರಗಳನ್ನೇ. ಹೊಸದು ಇನ್ನೂ ಬಂದಿಲ್ಲವಂತೆ. ಇಪ್ಪತ್ತು ಹೆಜ್ಜೆ ದೂರ ನಿಂತು ಮೊದಲನೆಯದನ್ನು ಎತ್ತಿದರು. ಮಾವ ಗಡ್ಡ ಕೆರೆದರು.

"ತೊರಕೆ ಅಲ್ವಾ ಧನೀ?"

ಕಿಟಕಿಯ ಹೊರಗೆ ತಲೆಯ ಮೇಲೆ ಬುಟ್ಟಿ ಹೊತ್ತು ಅಕ್ಕ ನಿಂತಿದ್ದಳು. ಅವಳಿಗೆ ಇದು ಜಗಲಿಯ ಆಟದ ಹಾಗೆಯೇ. ಮಾವನ ಮುಖ ಅರಳಿತು, ಹೆಸರು ಬಂತು. ಸರಿ! ಮುಂದಿನದ್ದಕ್ಕೂ "ಎರಡು ಬಂಗುಡೆ" ಎಂದಳು, ಮಾವ ಅದನ್ನೂ ಹೇಳಿದರು. ಜನ ನಕ್ಕರು. ಸಾಹೇಬರು ನಗಲಿಲ್ಲ.

"ಆ ಕಿಟಕಿ ಹಾಕಿ."

ಕಿಟಕಿ ಮುಚ್ಚಿತು. ಮೂರನೆಯ ಚಿತ್ರ ಮೇಲೆದ್ದಿತು. ಮಾವ ಅಂದಾಜಿನಲ್ಲಿ ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ. ಮೆಲ್ಲಗೆ ಎದ್ದು ನಿಂತರು.

"ಸ್ವಾಮಿ, ನನಗೆ ಎರಡು ವರ್ಷದಿಂದ ಕಣ್ಣು ಕಾಣುವುದಿಲ್ಲ. ಕಾಣುವವಳು ಹೊರಗೆ ನಿಂತಿದ್ದಾಳೆ. ಹೆಸರು ನನ್ನ ಹತ್ತಿರ ಉಂಟು. ಕಿಟಕಿ ತೆಗೆಸಿ."

ಯಾರೂ ನಗಲಿಲ್ಲ. ಸಾಹೇಬರು ತಾವೇ ಹೋಗಿ ಕಿಟಕಿ ತೆರೆದು ಚಿತ್ರ ಹಿಡಿದರು. ಅಕ್ಕ ಅದನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯೋ, ಇದು ನಂಗು ಮೀನು! ಕಣ್ಣೆಲ್ಲ ಒಂದೇ ಬದಿಗೆ ಉಂಟು" ಎಂದಳು.

"ಜರ್ಮನಿಯದ್ದು" ಎಂದರು ಮಾವ. "ಬೇಹು ವಿಮಾನ. ಕೂರುವ ಗೂಡು ನಡುವೆ ಅಲ್ಲ, ಒಂದು ಪಕ್ಕಕ್ಕೆ. ಚಿತ್ರದಲ್ಲಿ ಮಾತ್ರ ನೋಡಿದ್ದು. ಜನ್ಮದಲ್ಲಿ ಒಮ್ಮೆ ನಿಜದ್ದು ಕಾಣಬೇಕು ಅಂತ ಆಸೆ ಇತ್ತು ಸ್ವಾಮಿ."

ಸಾಹೇಬರಿಗೇ ಅದು ಗೊತ್ತಿರಲಿಲ್ಲ. ತಿರುಗಿಸಿ ಓದಿದರು, ತಲೆಯಾಡಿಸಿದರು, ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿ ಇಬ್ಬರ ಹೆಸರೂ ಬರೆದರು. "ನನ್ನ ಮೀನು ಯಾರು ಮಾರುವುದು?" ಎಂದು ಅಕ್ಕ ಜಗಳ ತೆಗೆದಾಗ, ಅಷ್ಟು ವರ್ಷ ಮಾವನನ್ನು ಗೇಲಿ ಮಾಡಿದವರೇ ಮುಗಿಬಿದ್ದು ಬುಟ್ಟಿ ಖಾಲಿ ಮಾಡಿದರು. ನಾವೂ ಆರು ಬಂಗುಡೆ ಕೊಂಡೆವು.

ದಾರಿಯುದ್ದಕ್ಕೂ ಮಾವನಿಗೆ ಒಂದೇ ಚಿಂತೆ, ಅತ್ತೆಗೆ ಹೇಗೆ ಹೇಳುವುದು. ಊಟಕ್ಕೆ ಕುಳಿತಾಗ ಹೇಗೋ ಬಾಯಿಬಿಟ್ಟರು. ಅತ್ತೆ ಮಾವನ ತಟ್ಟೆಯ ಮೇಲೆ ಬಗ್ಗಿದವರು ತಲೆಯೆತ್ತಲಿಲ್ಲ.

"ಎರಡು ವರ್ಷದಿಂದ ನಿಮಗೆ ಮುಳ್ಳು ತೆಗೆದೇ ಬಡಿಸ್ತಿದ್ದೇನೆ" ಎಂದರು. "ಉಣ್ಣಿ."