ಗಣಿಬಾವಿಯ ದನಿ ಮತ್ತು ದಫೇದಾರರು

ದಫೇದಾರರ ಎಡಗಣ್ಣಿನ ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ಮಾರಿಕುಪ್ಪಂ ರೈಲಿನಲ್ಲಿ ಗೊರಕೆ ಹೊಡೆಯುವಾಗಲೂ ಆ ಬಿಳಿಗುಡ್ಡೆ ಎದುರಿನವರನ್ನು ತನಿಖೆ ಮಾಡುತ್ತಿತ್ತು. ಪೊಲೀಸ್ ಕೆಲಸದಿಂದ ರಿಟೈರಾದ ಮೇಲೂ ಬಂಗಾರಪೇಟೆಯಲ್ಲಿ ಅವರಿಗೆ ಯಾರೂ ಟೀ ಕೊಡಿಸಿದ್ದು ಕಾಣೆ. ನನಗಂತೂ ಕಂಡರಾಗುತ್ತಿರಲಿಲ್ಲ. ನನ್ನ ಹಳೇ ಸಾಮಾನಿನ ಅಂಗಡಿಯಲ್ಲಿ ಪತ್ತೇದಾರಿ ಕಾದಂಬರಿಗಳನ್ನು ನಿಂತಲ್ಲೇ ಓದಿ, ಕೊಳ್ಳಲು ಬಂದವರಿಗೆ "ಕೊಲೆ ಮಾಡ್ದೋನು ಡಾಕ್ಟ್ರು, ಓಗು" ಎಂದುಬಿಡುತ್ತಿದ್ದರು.

ಅಪ್ಪ ಗಣಿಯ ಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತರು. ಆಮೇಲೆ ನಂದಿದುರ್ಗವೆಂಬ ಮುಚ್ಚಿದ ಚಿನ್ನದ ಗಣಿಯ ಪಾಳು ಬಾವಿಯ ಪಕ್ಕ ಸ್ವಾಮಿಯೊಬ್ಬ ತಗಡಿನ ಮಠ ಎಬ್ಬಿಸಿದ. ಕಾಣಿಕೆ ಹಾಕಿದವರನ್ನು ಬಾವಿಯೊಳಗಿಂದ ಸತ್ತವರು ಕರೆಯುತ್ತಾರಂತೆ. ಒಬ್ಬ ವಿಧವೆ ಹಾರಿಯೂ ಬಿಟ್ಟಿದ್ದಳು. ಅವಳ ಮನೆಯವರು ಮಠದ ಹಾರ ಹಾಕಿಸಿಕೊಂಡು ಬಾಯಿ ಮುಚ್ಚಿಕೊಂಡಿದ್ದರು. ಮುಂದಿನ ಅಮಾವಾಸ್ಯೆಗೆ, ಅಪ್ಪ ಕರೆಯುತ್ತಾರೆಂದು ಹಠ ಹಿಡಿದ ನನ್ನಮ್ಮನ ಸರದಿ. ನಾನು ಸ್ವಾಮಿಯ ಹತ್ತಿರ ಹೋಗಿ ಅತ್ತು ಕರೆದೆ, ಚೌಕಾಸಿ ಮಾಡಿದೆ. ಬಾವಿಯೊಳಗೆ ಇಣುಕಲು ಬಿಡದೆ ವಿಭೂತಿ ಕೊಟ್ಟು ಕಳಿಸಿದ. ನಿಮಗೂ ಹೇಳುತ್ತೇನೆ: ಮಾಲನ್ನು ತಿರುಗಿಸಿ ನೋಡಲು ಬಿಡದವನ ಬಳಿ ದೇವರನ್ನೂ ಕೊಳ್ಳಬೇಡಿ.

ಕೊನೆಗೆ ದಫೇದಾರರ ಬಾಗಿಲು ತಟ್ಟಿದೆ.

"ಈಗ್ ಬಂದ್ಯೇನ್ಲಾ? ಅಂಗ್ಡೀಲಿ ನಂಗೊಂದು ಸ್ಟೂಲ್ ಆಕ್ದೋನಲ್ಲ ನೀನು!" ಎಂದು ಉಗಿದರು. ಆದರೂ ಬಂದರು.

ಅಮಾವಾಸ್ಯೆ ಬೆಳಿಗ್ಗೆ ಅಮ್ಮ ಹಳದಿ ಸೀರೆಯುಟ್ಟು ಬಾವಿಯಂಚಿನಲ್ಲಿ ನಿಂತಿದ್ದಳು. ಒಳಗಿಂದ ದನಿ ಬಂತು: "ಹೆದರಬೇಡ, ಹತ್ತಿರ ಬಾ." ಅಮ್ಮ ಕಾಲೆತ್ತಿದಳು. ದಫೇದಾರರು ನುಗ್ಗಿ ಅವಳ ರಟ್ಟೆ ಹಿಡಿದರು.

"ನಿನ್ ಗಂಡ ಬೂದಿಕೋಟೆಯೋನಲ್ವೇನಮ್ಮಾ? ಎಂಗಂತಿದ್ದ?"

"ಎದ್ರುಕೋಬ್ಯಾಡ ಕಣಮ್ಮೀ... ಅಂತಿದ್ರು."

"ಮತ್ತೆ? ಸತ್ ಮ್ಯಾಲೆ ಇಸ್ಕೂಲಿಗೋಗಿ 'ಹ' ಕಲ್ತವ್ನಾ?"

ಸುತ್ತ ನೆರೆದಿದ್ದ ಜನರಲ್ಲಿ ಯಾರೋ ಕಿಸಕ್ಕನೆ ನಕ್ಕರು. ದಫೇದಾರರು ಮಠದ ತಗಡಿಗೆ ಒದ್ದರು. ಅದರ ಹಿಂದೆ, ಬಾವಿಗಿಳಿದಿದ್ದ ಪೈಪಿಗೆ ಬಾಯಿಟ್ಟು ಸ್ವಾಮಿಯ ಶಿಷ್ಯ ಕೂತಿದ್ದ, ಬೇರೆ ಊರಿನವನು.

ಸ್ವಾಮಿ ಜೈಲಿಗೆ ಹೋದ. ಭಕ್ತರು ದಫೇದಾರರ ಮನೆಗೆ ಕಲ್ಲು ತೂರಿದರು. ಹೋದ ವರ್ಷ ಅವರು ಸತ್ತಾಗ ಹೆಗಲು ಕೊಡಲೂ ಜನ ಸಾಲಲಿಲ್ಲ. ಸುಡುಗಾಡಿನವರೆಗೂ ನಾನು ಹೆಗಲು ಬದಲಿಸಲಿಲ್ಲ.

ಅಮ್ಮ ಬರಲಿಲ್ಲ. "ನನ್ ಗಂಡನ್ನ ಎಲ್ಡ್ನೇ ಸಲ ಸಾಯ್ಸ್ದ ಪಾಪಿ" ಎಂದು ಇವತ್ತಿಗೂ ಒಲೆಯ ಮುಂದೆ ಕೂತು ಶಪಿಸುತ್ತಾಳೆ. ನಾನು ತಡೆಯುವುದಿಲ್ಲ. ಶಪಿಸಲು ಅವಳು ಇದ್ದಾಳಲ್ಲ.