ನಾಲ್ಕು ಗಂಟೆಯ ಲೋಟ

ಸತ್ತವರು ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆ ಮಹಾಮಹಾ ಜ್ಞಾನಿಗಳನ್ನೇ ಕಂಗೆಡಿಸಿದೆ. ತಿಪಟೂರಿನ ನಮ್ಮ ಕೊಬ್ಬರಿ ಮಂಡಿಯಲ್ಲಿ ಮಾತ್ರ ಇದಕ್ಕೆ ಖಚಿತವಾದ ಉತ್ತರವಿತ್ತು. ಅವರು ನಾಲ್ಕು ಗಂಟೆಯ ಟೀಗೆ ಬರುತ್ತಿದ್ದರು.

ಮೊನ್ನೆ ಹೊನ್ನವಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಯಾರೋ ತೆಂಗಿನ ಚಿಪ್ಪು ಹಾಕಿ ಒಲೆ ಹೊತ್ತಿಸಿದರು. ಆ ಜಿಡ್ಡು ಹೊಗೆಯೊಳಗೆ ಬೆಲ್ಲದ ಟೀ ಕುದಿಯುವ ವಾಸನೆ ಬೆರೆತು ಮೂಗಿಗೆ ಬಡಿದದ್ದೇ ತಡ, ನನ್ನ ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ...

ನಾನು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾಗ ಅಲ್ಲಿಗೆ ಟೀ ತರುತ್ತಿದ್ದವರನ್ನು ನಾವೆಲ್ಲ ಟೀ ಅಮ್ಮ ಎನ್ನುತ್ತಿದ್ದೆವು. ಹಿಂದಿನ ಓಣಿಯಲ್ಲಿ ಚಿಪ್ಪು ಉರಿಸಿ ಟೀ ಕಾಸಿ ತರುವರು. ತಾವು ಮಾತ್ರ ಒಂದು ತೊಟ್ಟೂ ಕುಡಿಯುತ್ತಿರಲಿಲ್ಲ. “ನಂಗ್ ಆಗಕಿಲ್ಲ ಕಣಪ್ಪ, ಎದೆ ಉರೀತದೆ” ಎನ್ನುವರು. ಆ ಉರಿಯನ್ನು ನಮಗೆ ದಿನವೂ ಧಾರಾಳವಾಗಿ ಹಂಚುವರು.

ಆಕೆಯದೊಂದು ಶಾಸನವಿತ್ತು. ನಮ್ಮ ಕಡೆ ಎದ್ದು ಹೊರಡುವಾಗ ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲ, ‘ಬತ್ತೀನಿ’ ಅನ್ನುತ್ತಾರೆ. ನಮಗೆ ಅದು ಬರೀ ಬಾಯಿಮಾತು. ಟೀ ಅಮ್ಮನ ಪಾಲಿಗೆ ಅದು ಕೊಟ್ಟ ಮಾತು. ಬತ್ತೀನಿ ಎಂದು ಹೊರಗೆ ಹೋದವನು ಹಿಂತಿರುಗುವ ತನಕ ಅವನ ಲೋಟ ತುಂಬಿ, ಮೇಲೊಂದು ತಟ್ಟೆ ಮುಚ್ಚಿಕೊಂಡು ಕಾಯುತ್ತಿತ್ತು.

ಮಂಡಿಯಲ್ಲಿ ತೂಕ ಹಾಕುತ್ತಿದ್ದ ತಕ್ಕಡಿಯ ಅಣ್ಣ ಒಂದು ಮಧ್ಯಾಹ್ನ, “ದಬ್ಬೇಘಟ್ಟದಲ್ಲಿ ಒಸಿ ಕೆಲಸ ಐತೆ, ಬತ್ತೀನಿ ಕಣಮ್ಮ” ಎಂದು ಹೊರಟರು. ಬಸ್ಸಿನಲ್ಲಿ ಕೂತಲ್ಲೇ ತೀರಿಕೊಂಡರು. ಮೊದಲಿಂದಲೂ ಗದ್ದಲ ಮಾಡದ ಮನುಷ್ಯ. ಪಕ್ಕದ ಸೀಟಿನವರಿಗೂ ಗೊತ್ತಾಗಲಿಲ್ಲವಂತೆ.

ನಮ್ಮ ಯಜಮಾನರು ಹಣೆ ತುಂಬ ವಿಭೂತಿ ಧರಿಸುವವರು. ಆದರೂ ವ್ಯಾಪಾರ ನಿಲ್ಲಬಾರದೆಂಬ ಭಕ್ತಿ ಮೇಲುಗೈಯಾಗಿ, ತಿಥಿ ಮುಗಿಯುವ ಮೊದಲೇ ಬೋರನಕಣಿವೆ ಕಡೆಯ ಹೊಸಬನೊಬ್ಬನನ್ನು ಆ ತಕ್ಕಡಿಗೆ ತಂದು ನಿಲ್ಲಿಸಿದರು. ಸತ್ತವರ ತಿಥಿಯೂಟ ಆಗಿಲ್ಲ, ಆಗಲೇ ಅವರ ಜಾಗಕ್ಕೆ ಇನ್ನೊಬ್ಬ! ಹಮಾಲಿಗಳು ಮೂಟೆ ಹೊತ್ತರು, ಅವನ ಜೊತೆ ಮಾತು ಬಿಟ್ಟರು. ಅವರ ಮೇಸ್ತ್ರಿ ಎಲ್ಲರೆದುರಿಗೇ ಹೇಳಿದ: “ಅಮ್ಮೋ, ಅವ್ನಿಗೆ ಟೀ ಹಾಕಿದ್ರೆ ನಮಗೆ ಬ್ಯಾಡ, ಬುಡು.” ಹಮಾಲಿಗಳು ಕುಡಿಯದೆ ಹೋದರೆ ಟೀ ಅಮ್ಮನ ಒಲೆ ಉರಿಯುವಂತಿರಲಿಲ್ಲ.

ಹೊಸಬನ ಹೆಂಡತಿ ತುಂಬಿದ ಬಸುರಿ. ಅವನಿಗೆ ಬೇರೆ ಕೆಲಸ ಸಿಕ್ಕಿರಲಿಲ್ಲ. ಆದರೂ ಒಂದು ದಿನ ನನ್ನ ಹತ್ತಿರ ಬಂದು, “ಯಾರೂ ಮಕ ಕೊಟ್ಟು ಮಾತಾಡಲ್ಲ ಸಾರ್. ಬುಟ್ಟು ಹೋಯ್ತೀನಿ” ಎಂದ.

ಲೋಟ ತೊಳೆಯುತ್ತಿದ್ದ ಟೀ ಅಮ್ಮ ಬೆಚ್ಚಿ ತಲೆಯೆತ್ತಿದರು. “ಹೋಯ್ತೀನಿ ಅನ್ಬ್ಯಾಡ ಕಣಪ್ಪ.”

ಅವತ್ತು ನಾಲ್ಕು ಗಂಟೆಗೆ ಹೊಸಬನನ್ನು ಬಿಟ್ಟು ಎಲ್ಲರಿಗೂ ಟೀ ಕೊಟ್ಟ ಮೇಲೆ, ಆಕೆ ಇನ್ನೊಂದು ಲೋಟ ತುಂಬಿ, ತಟ್ಟೆ ಮುಚ್ಚಿ, ತಕ್ಕಡಿಯ ಹಿಂದಿನ ಕಲ್ಲಿನ ಮೇಲಿಟ್ಟರು.

“ಇದ್ಯಾರಿಗಮ್ಮ?” ಎಂದ ಮೇಸ್ತ್ರಿ.

“ತಕ್ಕಡಿ ಅಣ್ಣನಿಗೆ.”

“ಸತ್ತೋರಿಗಾ?”

“ಸಾಯ್ತೀನಿ ಅಂದ್ರಾ? ಬತ್ತೀನಿ ಅಂದ್ರು.”

ಸಂಜೆ ಆಕೆ ತಟ್ಟೆ ಎತ್ತಿದಾಗ ಲೋಟ ಖಾಲಿಯಾಗಿತ್ತು. ಮಾರನೆಯ ದಿನವೂ ಖಾಲಿ. ದಿನವೂ ಹಾಗೇ. ಹಮಾಲಿಗಳು ಆ ಕಲ್ಲನ್ನು ದೂರದಿಂದ ಬಳಸಿಕೊಂಡು ಓಡಾಡತೊಡಗಿದರು. ಗಾಳಿಯಿಲ್ಲದ ಹೊತ್ತಿನಲ್ಲೂ ಬರಿದಾದ ತಕ್ಕಡಿ ಒಂದು ಪಕ್ಕಕ್ಕೆ ವಾಲಿ ನಿಲ್ಲುತ್ತಿತ್ತು. ಯಜಮಾನರ ತೋಟದ ಕಾಯಿಗಳನ್ನು ಒಣಗಲು ಹಾಕಿದ್ದ ಅಟ್ಟದಲ್ಲಿ, ಚಿಪ್ಪಿನೊಳಗೆ ಬಿಟ್ಟುಕೊಂಡ ಕೊಬ್ಬರಿ ಲೊಡಲೊಡ ಎನ್ನುತ್ತಿತ್ತು. ಇಲಿ ಎಂದು ಯಜಮಾನರು ತೀರ್ಪು ಕೊಟ್ಟರು. ಕೊಟ್ಟು, ಬೇಗ ಮನೆಗೆ ಹೋದರು.

ಕೊನೆಗೆ ನಾನೇ ಮೂಟೆಗಳ ಸಂದಿನಿಂದ ನೋಡಿದೆ. ಹೊಸಬ ಗೋಡೆಯ ಕಡೆ ತಿರುಗಿ, ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿಯುತ್ತಿದ್ದ. ಎಂಥ ದೆವ್ವಕ್ಕೂ ಅಷ್ಟು ನಾಚಿಕೆ ಇರಲಾರದು.

ಓಣಿಗೆ ಹೋಗಿ ಟೀ ಅಮ್ಮನಿಗೆ ಪಿಸುಮಾತಿನಲ್ಲಿ ಹೇಳಿದೆ. ಆಕೆ ನಕ್ಕರು. “ನಂಗೊತ್ತಿಲ್ವೇನಪ್ಪ? ಸತ್ತೋರಿಗೆ ಅಂತ ಯಾರಾದ್ರೂ ಅಷ್ಟು ಬೆಲ್ಲ ಹಾಕ್ತಾರಾ? ಸುಮ್ಕಿರು.”

ಸುಮ್ಮನಿದ್ದೆ. ಅಷ್ಟರಲ್ಲಿ ಮೇಸ್ತ್ರಿ ತನ್ನದೇ ತರ್ಕ ಹೂಡಿದ್ದ. “ಲೇ, ಅಣ್ಣ ದಿನಾ ಬಂದು ಇವನ ಪಕ್ಕದಲ್ಲೇ ಟೀ ಕುಡ್ಕೊಂಡು ಹೋಗ್ತಾವ್ರೆ. ಅವ್ರಿಗೇ ಕ್ವಾಪ ಇಲ್ಲ, ನಮಗ್ಯಾಕ್ಲಾ?” ಆ ನ್ಯಾಯ ಎಲ್ಲರಿಗೂ ಒಪ್ಪಿಗೆಯಾಯಿತು. ಹೊಸಬನಿಗೂ ಒಂದು ಲೋಟ ಬಂತು, ಕೂರಲು ಒಂದು ಮೂಟೆ ಬಂತು, ಹಿಂದೆಯೇ ನಾಲ್ಕು ಬೈಗುಳವೂ ಬಂದವು. ಅವನ ಕೆಲಸ ಗಟ್ಟಿಯಾಯಿತು. ಅವತ್ತು ಸಂಜೆ ಹೊರಡುವಾಗ “ಬತ್ತೀನಿ” ಎಂದ.

ನಾನು ತಮಾಷೆಗೆಂದು ಅವನ ಜೊತೆ ಬಾಗಿಲ ತನಕ ನಡೆದು, “ಅಂತೂ ಸತ್ತವರ ಟೀಯನ್ನೆಲ್ಲ ನೀನೇ ಮುಗಿಸಿದೆಯಲ್ಲಯ್ಯ” ಎಂದೆ.

ಅವನು ನಗಲಿಲ್ಲ. “ನಾನು ಅರ್ಧ ಕುಡೀತಿದ್ದೆ ಸಾರ್. ಅವರ ಹೆಸರಲ್ಲಿ ಇಟ್ಟಿದ್ದಲ್ವಾ... ಅರ್ಧ ಬುಟ್ಟು ತಟ್ಟೆ ಮುಚ್ತಿದ್ದೆ.”

ಸಂಜೆ ಲೋಟದಲ್ಲಿ ಒಂದು ತೊಟ್ಟೂ ಉಳಿದಿರುತ್ತಿರಲಿಲ್ಲ. ನೆಟ್ಟಗೆ ಹೋಗಿ ಟೀ ಅಮ್ಮನಿಗೆ ಹೇಳಿದೆ. ಆಕೆ ಒಲೆಗೆ ಇನ್ನೊಂದು ಚಿಪ್ಪು ನೂಕಿದರು.

“ಪಾಪ, ಇಬ್ರೂ ಅರೆಹೊಟ್ಟೇಲಿ ಇದ್ರಲ್ಲಪ್ಪ... ನಾಳೆಯಿಂದ ಅಣ್ಣನಿಗೆ ದೊಡ್ಡ ಲೋಟ ತತ್ತೀನಿ.”

ತಂದರು. ಅಂಗೈಯಗಲದ ಬಾಯಿಯ ಹಿತ್ತಾಳೆ ಲೋಟ. ದಿನವೂ ತುಂಬಿದರು, ದಿನವೂ ಖಾಲಿಯಾಯಿತು. ಈಗ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ನಾನೂ ಮೂಟೆಯ ಸಂದಿನಿಂದ ನೋಡುವ ಧೈರ್ಯ ಮಾಡಲಿಲ್ಲ.

ನಾನು ಆ ಮಂಡಿ ಬಿಟ್ಟು ಬಂದೆ. ಟೀ ಅಮ್ಮ ತೀರಿಕೊಂಡ ಸುದ್ದಿಯೂ ತಡವಾಗಿ ಮುಟ್ಟಿತು. ತೀರಿಕೊಳ್ಳುವ ಹಿಂದಿನ ಸಂಜೆ ಟೀ ಕ್ಯಾನು ಎತ್ತಿಕೊಂಡು ಎಲ್ಲರಿಗೂ ಬತ್ತೀನಿ ಎಂದು ಹೇಳಿಯೇ ಹೋಗಿದ್ದರಂತೆ...

ಮೊನ್ನೆ ಹೊನ್ನವಳ್ಳಿಯಿಂದ ಮುಂದಿನ ಬಸ್ಸು ಹಿಡಿದು ನೆಟ್ಟಗೆ ಮಂಡಿಗೇ ಹೋದೆ. ಹೊಸಬನಿಗೆ ತಲೆ ನರೆತಿತ್ತು. ಎಲ್ಲರೂ ಅವನನ್ನೇ ತಕ್ಕಡಿಯ ಅಣ್ಣ ಎನ್ನುತ್ತಿದ್ದರು. ನಾಲ್ಕು ಗಂಟೆಗೆ ಹೋಟೆಲಿನಿಂದ ಟೀ ತರಿಸಿ, ಅದೇ ಹಿತ್ತಾಳೆ ಲೋಟಕ್ಕೆ ತುಂಬಿ, ತಟ್ಟೆ ಮುಚ್ಚಿ, ಕಲ್ಲಿನ ಮೇಲಿಟ್ಟ. ಟೀ ಅಮ್ಮ ಹೋದಂದಿನಿಂದ ದಿನವೂ ಆಕೆಯ ಹೆಸರಲ್ಲೇ ಇಡುತ್ತಿದ್ದಾನಂತೆ. ಇಬ್ಬರೂ ಸಂಜೆಯ ತನಕ ಅದರ ಕಡೆ ನೋಡದೆ ಹಳೆಯ ಮಾತಾಡಿದೆವು.

ಬಾಗಿಲು ಹಾಕುವ ಹೊತ್ತಿಗೆ ಅವನು ಹೋಗಿ ತಟ್ಟೆ ಎತ್ತಿದ.

“ಅಮ್ಮ ಟೀ ಕುಡೀತಿರಲಿಲ್ಲ ಸಾರ್” ಎಂದ, ನನಗೆ ಸಮಾಧಾನ ಹೇಳುವವನಂತೆ. “ಅದಕ್ಕೇ ಇರಬೇಕು.”

ಲೋಟ ತುಂಬಿಯೇ ಇತ್ತು. ಮೇಲೆ ಕೆನೆ ಕಟ್ಟಿತ್ತು.